ಓಣಿ ಬಿಡಿಸಿಕೊಂಡ ಭಾನುವಾರ

ರಜೆ ಬಂದರೂ ಮನೆಯಲ್ಲೇ ಬಿದ್ದುಕೊಂಡಿರುತ್ತೀಯಲ್ಲ, ಆಚೆ ಹೋಗಿ ಆಡಬಾರದೇ ಎಂದು ಚಿಗರೆ ಗದರಿದಾಗ, ಮಗಳು ತಲೆ ಎತ್ತದೆ ಕೇಳಿದಳು: "ಎಲ್ಲಿ ಆಡ್ಲಿ? ಯಾರ ಜೊತೆ?"

ಹೊಲಿಗೆ ಮೆಷಿನ್ನಿನ ಮೇಲೆ ಚಿಗರೆಯ ಕಾಲು ತಾನಾಗಿ ನಿಂತಿತು. ಚಿಕ್ಕಂದಿನಲ್ಲಿ, ಓಟದಲ್ಲಿ ಯಾರ ಕೈಗೂ ಸಿಗದವಳೆಂದು ಈ ಓಣಿಯ ಮಕ್ಕಳೇ ಅವಳಿಗೆ ಆ ಹೆಸರಿಟ್ಟಿದ್ದರು. ಮೊಣಕಾಲು ಹಿಡಿದುಕೊಳ್ಳುವ ವಯಸ್ಸಾದರೂ ಹೆಸರು ಬಿಟ್ಟಿರಲಿಲ್ಲ. ಆಗ ಯಾರ ಮನೆಯಲ್ಲಿ ಹಸಿವಾಯಿತೋ ಅಲ್ಲೇ ಊಟ. ಯಾರ ಮಗು ಬಿದ್ದರೂ ಎದುರುಮನೆ ದೊಡ್ಡಮ್ಮ ಮೊದಲು ಬೈದು, ಆಮೇಲೆ ಗಾಯ ತೊಳೆಯುತ್ತಿದ್ದರು. ಈಗ ಕಿಟಕಿಯಾಚೆ ಕಂಡದ್ದು ಬರೀ ಕಾರು, ಸ್ಕೂಟರು. ಅವುಗಳ ನಡುವೆ ಹಾದುಹೋಗಲು ಮೈ ಓರೆ ಮಾಡಬೇಕು.

ನಿಟ್ಟುಸಿರು ಬಿಟ್ಟು ಕೂರುವ ಜಾಯಮಾನ ಅವಳದಲ್ಲ. ಹೊಲಿಯುತ್ತಿದ್ದ ಅಂಗಿಯನ್ನು ಮಡಿಸಿಟ್ಟು ಮನೆಮನೆಗೆ ಹೋದಳು. ಭಾನುವಾರ ಸಂಜೆಯೊಂದು ಹೊತ್ತು ಗಾಡಿ ತೆಗೆದು ಮಕ್ಕಳಿಗೆ ಜಾಗ ಬಿಡಿ ಎಂದಳು. ಕೆಲವರು ಹೂಂ ಎಂದರು, ಕೆಲವರು ನೋಡೋಣ ಎಂದು ಜಾರಿಕೊಂಡರು. ಹಿಟ್ಟಿನ ಗಿರಣಿಯವನನ್ನು ಕಾಡಿಬೇಡಿ ಅವನ ಹಿತ್ತಲಲ್ಲಿ ಗಾಡಿ ನಿಲ್ಲಿಸಲು ಒಪ್ಪಿಸಿಯೂ ಬಂದಳು.

ಗುಂಡ ಮಾತ್ರ ಜಗ್ಗಲಿಲ್ಲ. ಅವನು ದೊಡ್ಡಮ್ಮನ ಮಗ, ಚಿಗರೆಯ ಜೊತೆಗೇ ಆಡಿ ಬೆಳೆದವನು. ಅವನ ಸಾಮಾನು ಸಾಗಿಸುವ ವ್ಯಾನು ಅರ್ಧ ಓಣಿಯನ್ನೇ ನುಂಗಿತ್ತು. ಆ ಕಾಲ ಹೋಯಿತು, ಈಗಿನ ಮಕ್ಕಳಿಗೆ ಆಟ ಯಾರಿಗೆ ಬೇಕು ಎಂದ.

"ಬೇಕೋ ಬೇಡವೋ ಅವರೇ ಹೇಳ್ಲಿ. ನೀನು ಜಾಗ ಬಿಡು ಸಾಕು," ಎಂದು ಚಿಗರೆ ಎದ್ದುಬಂದಳು.

ಭಾನುವಾರ ಸಂಜೆ ಹೂಂ ಎಂದವರ ಗಾಡಿಗಳು ಗಿರಣಿಯ ಹಿತ್ತಲು ಸೇರಿದರೂ ಗುಂಡನ ವ್ಯಾನು ನಿಂತಲ್ಲೇ ನಿಂತಿತ್ತು. ಆಡಲು ಬಂದವರೂ ಬೆರಳೆಣಿಕೆಯಷ್ಟು ಮಕ್ಕಳು, ಅವರೂ ಗೋಡೆಗೆ ಒರಗಿ ಪಿಳಿಪಿಳಿ ನೋಡುವವರೇ. ಚಿಗರೆ ವ್ಯಾನಿನ ಪಕ್ಕ ಉಳಿದ ಜಾಗದಲ್ಲೇ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆ ಬರೆದಳು. ಚಪ್ಪಲಿ ಕಳಚಿ, ಬಿಲ್ಲೆ ಎಸೆದು, ಒಂಟಿಕಾಲಲ್ಲಿ ಕುಪ್ಪಳಿಸಿದಳು. ಮೂರನೇ ಮನೆಯಲ್ಲಿ ಮುಗ್ಗರಿಸಿ ಕೂತುಬಿಟ್ಟಳು. ಮಗಳು ಹೊಟ್ಟೆ ಹಿಡಿದು ನಕ್ಕಳು. "ಅಮ್ಮ ಔಟು, ಈಗ ನಂದು," ಎಂದು ಬಿಲ್ಲೆ ಕಿತ್ತುಕೊಂಡಳು. ಗೋಡೆಗೆ ಒರಗಿದ್ದವರೂ ಒಬ್ಬೊಬ್ಬರಾಗಿ ಸಾಲಿಗೆ ಬಂದರು.

ಸದ್ದು ಕೇಳಿ ದೊಡ್ಡಮ್ಮ ಬಾಗಿಲು ಹಿಡಿದುಕೊಂಡು ಹೊರಬಂದರು. ಅವರು ಹೊಸಿಲು ದಾಟಿ ಎಷ್ಟೋ ದಿನವಾಗಿತ್ತು. ಮೆಟ್ಟಿಲ ಮೇಲೆ ಕೂತು, ಗೆರೆ ತುಳಿದವರನ್ನೆಲ್ಲ ಗದರತೊಡಗಿದರು. ಚಿಗರೆಯ ಮಗಳನ್ನೂ "ಏ ಚಿಗರೆ" ಎಂದೇ ಕರೆದರು. ಯಾರೂ ತಿದ್ದಲಿಲ್ಲ. ಗುಂಡ ಹಿಂದೆ ಬಂದು ನಿಂತದ್ದು ಅವರಿಗೆ ಕಾಣಿಸಿತು.

"ಈ ಡಬ್ಬಾ ಗಾಡಿ ಯಾರದ್ದೋ? ಮಕ್ಕಳು ನಿನ್ನ ತಲೆ ಮೇಲೆ ಓಡ್ಬೇಕಾ? ತೆಗಿ ಮೊದ್ಲು."

ಗುಂಡ ತಲೆ ಕೆರೆದುಕೊಂಡ. ಚಿಗರೆಯ ಮುಖ ನೋಡದೆ ಗಿರಣಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಕೇಳಿ, ಕೀಲಿ ತಂದು ವ್ಯಾನು ಹತ್ತಿದ. ವ್ಯಾನು ಸರಿದದ್ದೇ ತಡ, ಮಕ್ಕಳು ಹೋ ಎಂದು ಖಾಲಿ ಜಾಗಕ್ಕೆ ನುಗ್ಗಿದರು.

ನೋಡೋಣ ಎಂದು ಜಾರಿಕೊಂಡಿದ್ದ ಮೂಲೆಮನೆಯವರ ಎರಡು ಕಾರು ಇನ್ನೂ ಅಲ್ಲೇ ಇದ್ದವು. ಚಿಗರೆ ಪಾದದ ಧೂಳು ಒರೆಸಿ, ಚಪ್ಪಲಿ ಮೆಟ್ಟಿ, ಹೋಗಿ ಆ ಬಾಗಿಲು ತಟ್ಟಿದಳು.