ನೆನೆಹಾಕದ ಬಟ್ಟೆ

ಮೂವತ್ತೆಂಟನೆಯ ಅಂಗಿಯ ಗುಂಡಿಗಳನ್ನು ಬಿಚ್ಚಿ ಡಬ್ಬಿಗೆ ಹಾಕುವ ಹೊತ್ತಿಗೆ ಲೀಡರಮ್ಮನ ಬೆರಳ ತುದಿ ಕೆಂಪಗಾಗಿತ್ತು. ಬ್ಲೇಡನ್ನು ದಾರದ ಕೆಳಗೆ ತೂರಿಸಬೇಕು, ಬಟ್ಟೆ ಹರಿಯಬಾರದು. ಎದುರಿಗೆ ಕೂತಿದ್ದ ಅಕ್ಕ ಮಾತ್ರ ಅವರೆಕಾಯಿ ಸುಲಿದಷ್ಟು ಸಲೀಸಾಗಿ ಬಿಚ್ಚುತ್ತಿದ್ದಳು. ಇಪ್ಪತ್ತು ವರ್ಷ ಕತ್ತರಿ ಮೇಜಿನ ಮುಂದೆ ನಿಂತ ಹೆಂಗಸು ಆಕೆ, ಇಲ್ಲಿ ಎಲ್ಲರಿಗೂ ಅಕ್ಕ. ಈಗ ಹನ್ನೊಂದು ದಿನದಿಂದ ಗುಂಡಿ ಡಬ್ಬಿಯ ಮುಂದೆ ಕೂತಿದ್ದಳು.

ಲೀಡರಮ್ಮ ಅನ್ನುವುದು ಈ ಹೊಲಿಗೆ ಕಾರ್ಖಾನೆಯವರು ಇಟ್ಟ ಹೆಸರು. ವ್ಯಾಪಾರ ನಿರ್ವಹಣೆ ಓದುವ ಹುಡುಗಿ. ಕಾಲೇಜಿನವರು ಅವಳನ್ನೂ ಒಬ್ಬ ಸಹಪಾಠಿಯನ್ನೂ ಮೂರು ತಿಂಗಳ ತರಬೇತಿಗೆ ಇಲ್ಲಿಗೆ ಕಳಿಸಿದ್ದರು. 'ತಂಡದ ನಾಯಕಿ' ಎಂಬ ಬಿಲ್ಲೆ ಸಿಕ್ಕಿಸಿಕೊಂಡು ಬಂದ ಮೊದಲ ದಿನವೇ ಇಸ್ತ್ರಿ ಅಣ್ಣ, "ಬಂದ್ರಪ್ಪಾ ಲೀಡರಮ್ಮ, ಎಲ್ರೂ ಬೆನ್ನು ನೆಟ್ಟಗೆ ಮಾಡ್ಕೊಳ್ಳಿ" ಅಂದಿದ್ದ. ಹೆಸರು ಅಂಟಿಕೊಂಡಿತು.

ಒಂದು ಶಾಲೆಯ ಐದನೆಯ ತರಗತಿಗೆ ನೂರಿಪ್ಪತ್ತು ಅಂಗಿ ಹೊಲಿಯುವ ಕೆಲಸವನ್ನು ಯಜಮಾನರು ಅವಳ ಉಸ್ತುವಾರಿಗೆ ಬಿಟ್ಟಿದ್ದರು. ಹತ್ತಿ ಬಟ್ಟೆ. ಕತ್ತರಿಸುವ ಮೊದಲು ನೀರಿನಲ್ಲಿ ನೆನೆಹಾಕಿ, ಒಣಗಿಸಬೇಕು. ಕುಗ್ಗುವುದೆಲ್ಲ ಆಗಲೇ ಕುಗ್ಗಿಬಿಡಲಿ ಎಂದು. ಅಕ್ಕ ಅದನ್ನೇ ಹೇಳಿದ್ದಳು. ಲೀಡರಮ್ಮ ಗೋಡೆಗೆ ಅಂಟಿಸಿದ್ದ ತನ್ನ ವೇಳಾಪಟ್ಟಿ ತೋರಿಸಿ, "ಎರಡು ದಿನ ದಂಡ ಅಕ್ಕಾ, ಹಾಗೇ ಕತ್ತರಿಸಿ" ಅಂದಳು. ಕೆಲಸ ಎರಡು ದಿನ ಮೊದಲೇ ಮುಗಿಯಿತು, ಚಪ್ಪಾಳೆಯೂ ಬಿತ್ತು. ಮಕ್ಕಳ ಮನೆಯಲ್ಲಿ ಒಂದು ಸಲ ಒಗೆದದ್ದೇ ತಡ, ನೂರಿಪ್ಪತ್ತು ಅಂಗಿಯೂ ಸೊಂಟ ಬಿಟ್ಟು ಮೇಲೆ ಹೋದವು.

ಅಂಗಿಗಳು ವಾಪಸು ಬಂದ ದಿನ ಯಜಮಾನರು ನೇರವಾಗಿ ಕತ್ತರಿ ಮೇಜಿನ ಕಡೆ ನೋಡಿದರು. ಅಕ್ಕನನ್ನು ಅಲ್ಲಿಂದ ಎಬ್ಬಿಸಿ, ಗುಂಡಿಗಳಾದರೂ ಉಳಿಯಲಿ ಎಂದು ಅವನ್ನು ಬಿಚ್ಚಲು ಕೂರಿಸಿದರು. ಲೀಡರಮ್ಮನ ಬಾಯಿ ತೆರೆಯಲಿಲ್ಲ. ಅಷ್ಟೇ. ಸುಳ್ಳನ್ನೇನೂ ಹೇಳಲಿಲ್ಲ ಎಂದು ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು.

"ಏನಮ್ಮ, ಕಾಗದ ಆಯ್ತಾ?" ಯಜಮಾನರು ಬಾಗಿಲಲ್ಲಿ ನಿಂತಿದ್ದರು. ತಪ್ಪು ಹೇಗಾಯಿತು, ಯಾರಿಂದಾಯಿತು ಎಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಬರೆದು ಕೇಳಿದ್ದರು. ಉತ್ತರ ಬರೆಯುವುದನ್ನು, ಭಾಷೆ ಚೆನ್ನಾಗಿದೆ ಎಂದು, ಯಜಮಾನರು ಇವಳಿಗೇ ಒಪ್ಪಿಸಿದ್ದರು.

"ಇನ್ನೊಂದು ಸ್ವಲ್ಪ ತಿದ್ದಬೇಕು ಸಾರ್."

"ಹನ್ನೊಂದು ದಿನದಿಂದ ತಿದ್ದುತಾ ಇದೀಯ, ಕಾಗದವೋ ಪುರಾಣವೋ? ಶನಿವಾರ ಹೋಗಲೇಬೇಕು. ಕತ್ತರಿಸಿದವರನ್ನ ಕೆಲಸದಿಂದ ತೆಗೆದಿದ್ದೀವಿ ಅಂತ ಕೊನೇಲಿ ಸೇರಿಸು." ಆಮೇಲೆ ದನಿ ತಗ್ಗಿಸಿ ಹೇಳಿದರು: "ನನಗೇನು ಖುಷಿಯಾ? ಆ ಶಾಲೆ ಕೈತಪ್ಪಿದ್ರೆ ಇಲ್ಲಿರೋ ಹದಿನಾಲ್ಕು ಜನಕ್ಕೂ ಕೆಲಸ ಇರಲ್ಲ."

ಅಕ್ಕನ ಬ್ಲೇಡು ಒಂದು ಕ್ಷಣ ನಿಂತು ಮತ್ತೆ ಚಲಿಸಿತು.

ಸಹಪಾಠಿ ಅವಳನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದ. ತಪ್ಪು ಒಪ್ಪಿಕೊಳ್ಳಲು ಹೊರಟಿದ್ದಾಳೆಂದು ಅವಳ ಮುಖ ನೋಡಿದರೇ ಅವನಿಗೆ ಗೊತ್ತಾಗಿತ್ತು. "ಹುಚ್ಚು ಹಿಡಿದಿದೆಯಾ? ಅಂಕ ಕೊಡೋದು ಯಜಮಾನರು. ಇನ್ನು ಮೂರು ವಾರ ಇದೆ. ಲೀಡರ್ ಅಂದ್ರೆ ನಿರ್ಧಾರ ತಗೋಬೇಕು, ಅತ್ತುಕೊಂಡು ಕೂರೋದಲ್ಲ."

"ನಿರ್ಧಾರ ತಗೊಂಡವಳು ನಾನೇ ಅಲ್ವಾ, ಅದೇ ತೊಂದರೆ ಆಗಿರೋದು" ಅಂದಳು ಅವಳು.

ವಾಪಸು ಬಂದು ಕೂತವಳು ಕೇಳಿಯೇಬಿಟ್ಟಳು: "ಅಕ್ಕಾ, ನೀವ್ಯಾಕೆ ಸಾರ್‌ಗೆ ಹೇಳಲಿಲ್ಲ?"

"ಕೇಳಿದ್ರೆ ಹೇಳ್ತಿದ್ದೆ ಮಗೂ. ಯಾರು ಕೇಳಿದ್ರು?" ಅಕ್ಕ ತಲೆ ಎತ್ತಲಿಲ್ಲ. "ಮೊದಲ ಮೂರು ದಿನ ನೀನೇ ಹೇಳ್ತೀಯ ಅಂತ ಕಾದೆ. ಆಮೇಲೆ ಸಿಟ್ಟು ಬಂತು. ಈಗ ಸಿಟ್ಟೂ ಸವೆದುಹೋಗಿದೆ. ಮನೇಲಿ ಇನ್ನೂ ಹೇಳಿಲ್ಲ, ಬೆಳಿಗ್ಗೆ ಕತ್ತರೀನ ಚೀಲದಲ್ಲಿ ಇಟ್ಕೊಂಡೇ ಹೊರಡ್ತೀನಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮಾತನ್ನು ತಡೆದುಕೊಳ್ಳಲು ಆಗಲಿಲ್ಲ.

ಮಧ್ಯಾಹ್ನ ಯಜಮಾನರೂ ಸೇರಿ ಎಲ್ಲರೂ ಬುತ್ತಿ ಬಿಚ್ಚಿ ಕೂತಿದ್ದಾಗ ಲೀಡರಮ್ಮ ಎದ್ದು ನಿಂತಳು. ತರಗತಿಯಲ್ಲಿ ನೂರು ಜನರ ಮುಂದೆ ನಿರರ್ಗಳವಾಗಿ ಮಾತಾಡಿದ್ದವಳು ಈಗ ಒಂದೊಂದೇ ಮಾತನ್ನು ಆಯ್ದು ಹೇಳಿದಳು.

"ಬಟ್ಟೆ ನೆನೆಹಾಕಬೇಕು ಅಂತ ಅಕ್ಕ ಹೇಳಿದ್ರು. ಬೇಡ ಅಂದಿದ್ದು ನಾನು. ಅವರ ಮೇಲೆ ತಪ್ಪು ಬಿದ್ದಾಗ ಸುಮ್ಮನಿದ್ದಿದ್ದೂ ನಾನು."

ಯಜಮಾನರ ಮುಖ ಕಪ್ಪಿಟ್ಟಿತು. "ಇದನ್ನ ಹೇಳೋಕೆ ಹನ್ನೊಂದು ದಿನ ಬೇಕಾಯ್ತಾ? ಆಯಮ್ಮನ್ನ ಮನೆಗೆ ಕಳಿಸೋಕೆ ಹೊರಟಿದ್ದೆನಲ್ಲೇ ನಾನು!"

"ಬೈಯಿರಿ ಸಾರ್. ನನ್ನ ಅಂಕ ನಿಮಗೆ ಬಿಟ್ಟಿದ್ದು. ಆದ್ರೆ ಈ ಅಂಗಿಗಳನ್ನ ಏನು ಮಾಡೋದು ಅಂತ ನನಗೆ ಗೊತ್ತಿಲ್ಲ." ಅವಳು ಸುತ್ತ ಎಲ್ಲರನ್ನೂ ನೋಡಿದಳು. "ನಿಮಗೆ ಗೊತ್ತಿದ್ರೆ ಹೇಳಿ. ಹೇಳಿದ ಹಾಗೆ ಮಾಡ್ತೀನಿ."

ಇಸ್ತ್ರಿ ಅಣ್ಣ ತುತ್ತು ನುಂಗಿ, "ಎರಡು ತಿಂಗಳಿಗೆ ಇವತ್ತು ಮೊದಲ ಸಲ ಲೀಡರಮ್ಮ ನಮ್ಮನ್ನ ಏನೋ ಕೇಳಿದ್ದು. ನೀರು ಕೊಡ್ರಪ್ಪಾ, ನೆತ್ತಿಗೇರ್ತು" ಅಂದ. ಮೊದಲು ನಕ್ಕವಳು ಅಕ್ಕ. ನಕ್ಕು, ಎದ್ದು, ಕುಗ್ಗಿದ ಅಂಗಿಯೊಂದನ್ನು ಮೇಜಿನ ಮೇಲೆ ಹರಡಿದಳು.

"ಇದು ಕುಗ್ಗಿರೋದು ಉದ್ದದಲ್ಲಿ. ಅಗಲ ಹಾಗೇ ಇದೆ. ಅದೇ ಶಾಲೆಯ ಮೂರನೇ ತರಗತಿಯ ನೂರಿಪ್ಪತ್ತು ಅಂಗಿ ಇನ್ನೂ ಕತ್ತರಿಸಿಲ್ಲ ತಾನೇ? ಎರಡೂ ಪಕ್ಕ ಒಳಗೆ ಹಿಡಿದು ಹೊಲಿದು, ಗುಂಡಿ ಮತ್ತೆ ಹಚ್ಚಿದ್ರೆ ಇದೇ ಆ ಮಕ್ಕಳಿಗೆ ಸರಿಹೋಗುತ್ತೆ. ಇನ್ನು ಕುಗ್ಗೋದೂ ಇಲ್ಲ. ಅವರಿಗೆ ಅಂತ ತಂದಿರೋ ಬಟ್ಟೇಲಿ ಐದನೇ ತರಗತಿಗೆ ಹೊಸದು ಕತ್ತರಿಸೋಣ."

"ಅಷ್ಟು ಬಟ್ಟೆ ಸಾಲುತ್ತಾ?" ಯಜಮಾನರು ಕೇಳಿದರು.

"ಜೇಬನ್ನ ಚೂರುಗಳಲ್ಲಿ ಮಾಡ್ತೀನಿ. ಸಾಲುತ್ತೆ."

ಯಜಮಾನರು ಮೂಲೆಯಲ್ಲಿದ್ದ ಎತ್ತರದ ಸ್ಟೂಲನ್ನು ತಾವೇ ಎತ್ತಿ ತಂದು ಅಕ್ಕನಿಗಾಗಿ ಕತ್ತರಿ ಮೇಜಿನ ಹಿಂದೆ ಇಟ್ಟರು. "ಮತ್ತೇಕೆ ನಿಂತಿದ್ದೀಯಮ್ಮ? ನೆನೆಹಾಕ್ಸು" ಅಂದರು. ಅವರಿಗೆ ಗೊತ್ತಿದ್ದ ಕ್ಷಮಾಪಣೆ ಅದೊಂದೇ.

ಮುಂದಿನ ನಾಲ್ಕು ದಿನ ಆ ಕಾರ್ಖಾನೆಯನ್ನು ನೋಡಬೇಕಿತ್ತು! ಲೀಡರಮ್ಮ ಗೋಡೆಯ ವೇಳಾಪಟ್ಟಿಯನ್ನು ಕಿತ್ತು, ಖಾಲಿ ಹಾಳೆ ಅಂಟಿಸಿ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಒಬ್ಬೊಬ್ಬರನ್ನೇ ಕೇಳಿ ಬರೆದಳು. ಒದ್ದೆ ಬಟ್ಟೆಯ ಥಾನುಗಳನ್ನು ಹೊತ್ತು ಮಹಡಿಗೆ ಹತ್ತಿದ್ದೂ ಅವಳೇ. ಸಹಪಾಠಿ ಮೊದಲು ದೂರ ನಿಂತು ನೋಡಿದ. ಎರಡನೆಯ ದಿನ ತೋಳು ಮಡಿಚಿ ಬಟ್ಟೆ ಹಿಂಡಲು ಬಂದ. "ಬಾರಪ್ಪಾ ಉಪನಾಯಕ" ಎಂದು ಇಸ್ತ್ರಿ ಅಣ್ಣ ಅವನಿಗೂ ಪಟ್ಟ ಕಟ್ಟಿದ.

ಶುಕ್ರವಾರ ಸಂಜೆ ಹೊಸ ಅಂಗಿಯೊಂದನ್ನು ಎಲ್ಲರ ಎದುರು ಒಗೆದು, ಒಣಗಿಸಿ, ಮೇಜಿನ ಮೇಲೆ ಹಾಕಿದರು. ಅಕ್ಕ ಟೇಪು ಹಿಡಿದಳು.

"ಕೂದಲೆಳೆಯಷ್ಟೂ ಕುಗ್ಗಿಲ್ಲ" ಅಂದಳು ಅಕ್ಕ.

ಎದ್ದ ಕೂಗಿಗೆ ಬೀದಿಯ ಜನ ಬಾಗಿಲಲ್ಲಿ ಇಣುಕಿದರು. ಯಾರೋ ಲೀಡರಮ್ಮನ ಕೈಯನ್ನು ಮೇಲೆತ್ತಿದರು. ಅವಳು ಅಕ್ಕನ ಕೈಯನ್ನು ಮೇಲೆತ್ತಿದಳು. ಅಕ್ಕ, "ಬಿಡೇ, ಟೇಪು ಹರಿಯುತ್ತೆ" ಎಂದು ಬೈಯುತ್ತಲೇ ಕಣ್ಣೊರೆಸಿಕೊಂಡಳು.

ಹನ್ನೊಂದು ದಿನ ತಿದ್ದಿದರೂ ಆಗದ ಕಾಗದ ಅಂದು ಕಾಲು ಗಂಟೆಯಲ್ಲಿ ಮುಗಿಯಿತು. 'ಬಟ್ಟೆ ನೆನೆಹಾಕಬೇಕೆಂದು ಕತ್ತರಿಸುವವರು ಎಚ್ಚರಿಸಿದ್ದರು. ನಾನು ಕೇಳಲಿಲ್ಲ. ತಪ್ಪು ನನ್ನದು. ಅದನ್ನು ಸರಿಪಡಿಸುವ ದಾರಿ ತೋರಿಸಿದವರೂ ಅವರೇ.' ಯಜಮಾನರು ಎರಡು ಸಲ ಓದಿದರು. ಶಾಲೆಯವರು ಏನನ್ನುತ್ತಾರೋ ಎಂಬ ಅಳುಕು ಅವರ ಮುಖದಲ್ಲಿ ಇದ್ದೇ ಇತ್ತು. ಆದರೂ ಒಂದಕ್ಷರವನ್ನೂ ಹೊಡೆದುಹಾಕದೆ ಮಡಿಚಿ ಕೊಟ್ಟರು.

ಶನಿವಾರ ಬೆಳಿಗ್ಗೆ ಅಂಚೆ ಕಚೇರಿಯ ಕಿಂಡಿಯಲ್ಲಿ ಗುಮಾಸ್ತ ಲಕೋಟೆಯನ್ನು ತಿರುಗಿಸಿ ನೋಡಿದ. "ಕಳಿಸ್ತಿರೋರು ಯಾರು ಅಂತಲೇ ಬರೆದಿಲ್ಲವಲ್ಲಮ್ಮ. ಕಾರ್ಖಾನೆಯದಾ?"

"ಅಲ್ಲ, ನನ್ನದೇ" ಅಂದಳು. ಪೆನ್ನು ತೆಗೆದು, ತನ್ನ ಹೆಸರನ್ನು ಪೂರ್ತಿಯಾಗಿ ಬರೆದು, ಲಕೋಟೆಯನ್ನು ಕಿಂಡಿಯೊಳಗೆ ಸರಿಸಿದಳು.