ಶ್ರಾವಣದಲ್ಲಿ ಕೇಳಿದ ಪ್ರಶ್ನೆ

ಮರಾಠಿ ಸೀಮೆಯ ದೊಡ್ಡ ಊರೊಂದರ ಅಂಚಿನ ಖರಾಡಿಯಲ್ಲಿ ಏಳುತ್ತಿದ್ದ ಕಟ್ಟಡದ ಹಿಂದೆ, ತಗಡಿನ ಕೋಣೆಗಳ ನಡುವಿನ ಬಯಲಲ್ಲಿ, ಶ್ರಾವಣದ ಸಂಜೆಗಳಲ್ಲಿ ಪುರಾಣ ನಡೆಯುತ್ತಿತ್ತು. ಅಫಜಲಪುರದ ಕಡೆಯಿಂದ ದುಡಿಯಲು ಬಂದವರು ಊರಿನಿಂದಲೇ ಶಾಸ್ತ್ರಿಗಳನ್ನು ಕರೆಸಿದ್ದರು. ಅವರು ಪದ್ಯ ಹಾಡಿ ನಿಲ್ಲಿಸಿದರೆ, ಅರ್ಥ ಹೇಳುವ ತನಕ ಮಕ್ಕಳೂ ಉಸಿರು ಬಿಗಿಹಿಡಿದು ಕೂರುತ್ತಿದ್ದವು. ವ್ರತವೆಂದು ಆ ತಿಂಗಳು ಅಲ್ಲಿನ ಗಂಡಸರು ಹೆಂಡ, ಸೆರೆ ಮುಟ್ಟುತ್ತಿರಲಿಲ್ಲ.

ಹುಣ್ಣಿಮೆ ಕಳೆದ ಮೇಲೆ ಒಂದು ರಜೆಯ ಮಧ್ಯಾಹ್ನ ಅದೇ ಊರಿನ ಇನ್ನೊಂದು ತುದಿಯ ಕೋಥರೂಡದಿಂದ ಇಂದೂ ಬಂದಳು. ಕುಡಿತ ಬಿಡಿಸುವ ಒಂದು ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಮನೆಮನೆಗೆ ಹೋಗಿ ಕೇಳಿ, ಉತ್ತರವನ್ನು ಮೊಬೈಲಿನಲ್ಲಿ ಒತ್ತಬೇಕು. ಎಲ್ಲಿ ಕುಡಿತ ಹೆಚ್ಚೋ ಆ ಬಸ್ತಿಗೆ, ಅಂದರೆ ಕೂಲಿಯವರ ಕೇರಿಗೆ, ಡಾಕ್ಟರರು ವಾರಕ್ಕೊಮ್ಮೆ ಬಂದು ಕೂರುತ್ತಾರೆ, ಔಷಧಿ ಕೊಡುತ್ತಾರೆ.

ಇದನ್ನು ಕೇಳಿದ್ದೇ ಶಿವಕಾಂತಾ ಚಾಪೆ ಹಾಸಿದಳು. ಅವಳ ಗಂಡ ದತ್ತು ಬೇಸಿಗೆಯಲ್ಲಿ ಕುಡಿದು, ಕಟ್ಟಡಕ್ಕೆ ಬಿಗಿದ ಪರಾಂಚಿಯ ಅಟ್ಟದ ಮೇಲಿಂದ ಬಿದ್ದಿದ್ದ. ಸೊಂಟ ಮುರಿಯದೆ ಉಳಿಯಿತು. ಇನ್ನೊಮ್ಮೆ ಹಾಗೆ ಬಂದರೆ ಗೇಟಿನೊಳಗೆ ಬಿಡುವುದಿಲ್ಲವೆಂದು ಗುತ್ತಿಗೆದಾರ ಹೇಳಿದ್ದ. ಯಕೃತ್ತು ಕೆಟ್ಟಿದೆ, ಕುಡಿತ ಬಿಡದಿದ್ದರೆ ಬದುಕುವುದಿಲ್ಲವೆಂದು ಸರಕಾರಿ ಆಸ್ಪತ್ರೆಯವರು ಹೇಳಿದ್ದರು.

"ಕಳೆದ ಹದಿನೈದು ದಿನದಾಗ ಮನ್ಯಾಗ ಯಾರರ ಕುಡದಾರೇನ್ರಿ?" ಇಂದೂ ಕೇಳಿದಳು.

ಶಿವಕಾಂತಾ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಕೂತಿದ್ದ ದತ್ತು ಎದೆ ಸೆಟೆಸಿದ. "ಇಲ್ಲಂತ ಒತ್ರಿ ಅಕ್ಕಾರ. ಹನಿ ಮುಟ್ಟಿಲ್ಲ. ಗಾಣಗಾಪುರದ ದತ್ತನ ಆಣಿ."

"ಅಮಾಸಿ ದಾಟ್ಲಿ ತಡಿ," ಪಕ್ಕದ ಕೋಣೆಯ ಮುದುಕಿ ಅವ್ವಮ್ಮ ಕೂಗಿದಳು. "ಬಾಟ್ಲಿ ತಾನೇ ನಡಕೋತ ಬಂದು ಇವನ ಮನಿ ಕೇಳ್ತದ!"

"ಏ ಮುದುಕಿ, ನಿನ್ನ ಮಗ ಅದಕ್ಕ ದಾರಿ ತೋರಸ್ತಾನೇಳು!"

ಸಾಲಿಗೆ ಸಾಲೇ ನಕ್ಕಿತು. ಇಂದೂ ನಗಲಿಲ್ಲ. ಪ್ರಶ್ನೆಯಲ್ಲಿ ಏನು ತಪ್ಪಿದೆಯೆಂದು ಅವಳಿಗೆ ಆಗ ತಿಳಿಯಿತು. ಅದು ಕೇಳುವ ಹದಿನೈದು ದಿನವೂ ಶ್ರಾವಣದವೇ; ಶ್ರಾವಣಕ್ಕೆ ಮುಂಚಿನ ಮಾತನ್ನು ಒತ್ತಲು ಮೊಬೈಲಿನಲ್ಲಿ ಜಾಗವೇ ಇರಲಿಲ್ಲ. ಶಿವಕಾಂತಾಳ ಕಿವಿಯ ಹತ್ತಿರ ಬಗ್ಗಿ, "ಕುಡೀತಾರ ಅಂತ ಹಾಕ್ಲೇನು? ಡಾಕ್ಟರ್ ಬರ್ತಾರ," ಎಂದಳು.

ಶಿವಕಾಂತಾ ಗಂಡನ ಕಡೆ ನೋಡಿದಳು. ಮಿಂದು ಹಣೆಗೆ ವಿಭೂತಿ ಹಚ್ಚಿಕೊಂಡಿದ್ದ.

"ವ್ರತ ಹಿಡದಾರ್ರಿ. ಮುರದಾರ ಅಂತ ನನ್ನ ಬಾಯಿಲೆ ಹ್ಯಾಂಗ ಅನ್ಲಿ?"

ಇಂದೂಗೂ ಆಗಲಿಲ್ಲ. 'ಇಲ್ಲ' ಎಂದು ಒತ್ತಿದಳು. ಆ ಸಾಲಿನ ಪ್ರತಿ ಬಾಗಿಲಲ್ಲೂ ಅದೇ ಉತ್ತರ, ಅದೂ ನಿಜವೇ.

ವಾರದ ಮೇಲೆ ಕಚೇರಿಯಲ್ಲಿ ಅವಳ ಮೇಲಿನವನಾದ ಸ್ವಪ್ನಿಲ್ ನಕಾಶೆ ತೋರಿಸಿದ. ಆಷಾಢದಲ್ಲಿ ಕೇಳಿ ಬಂದ ಬಸ್ತಿಗಳೆಲ್ಲ ಕೆಂಪು. ಖರಾಡಿಯದು ಹಾಲಿನಂತೆ ಬಿಳಿ.

"ಅಲ್ಲ ಇಂದೂ, ಇದೇನ ಇದು? ಒಂದ ಮನ್ಯಾಗೂ ಇಲ್ಲ?"

"ಶ್ರಾವಣ ಅದಲ್ರಿ ಸರ್."

ಅವನು ಚಹಾದ ಲೋಟ ಕೆಳಗಿಟ್ಟ. "ನಮ್ಮಪ್ಪನೂ ಶ್ರಾವಣದ ಮುಂಚಿನ ಗಟಾರಿ ಅಮಾಸಿ ದಿನ ಗಂಟಲತನಕ ಕುಡದು ಮರುದಿನದಿಂದ ತಿಂಗಳತನಕ ಬಿಡ್ತಾನ. ಇದೇ ಊರಿನ ಖಡಕಿಯೊಳಗ ಹುಟ್ಟಿ ಬೆಳದ ನನಗ ಇದು ಹೊಳೀಲಿಲ್ಲಲ್ಲ!"

ಅವನು ಕೆಟ್ಟವನಲ್ಲ. ಅವತ್ತೇ ಮುಂಬಯಿಯ ದೊಡ್ಡ ಕಚೇರಿಗೆ ಬರೆದ. ಆದರೆ ಎಲ್ಲ ಊರಿಗೂ ಒಂದೇ ಪ್ರಶ್ನೆ, ಕೇಳಿದ ಮೇಲೆ ಅಂಕಿ ತಿದ್ದುವಂತಿಲ್ಲ ಎಂದು ಉತ್ತರ ಬಂತು. ಈ ವರ್ಷದ ಡಾಕ್ಟರರನ್ನು ಕೆಂಪು ಬಸ್ತಿಗಳಿಗೆ ಹಂಚಿಯಾಗಿತ್ತು. ಖರಾಡಿಗೆ ಮುಂದಿನ ವರ್ಷ.

ಅಮಾವಾಸ್ಯೆಯ ಸಂಜೆ ಇಂದೂ ಅದನ್ನು ಹೇಳಲು ಹೋದಾಗ ಪುರಾಣ ಮಂಗಲವಾಗಿ ಜನ ಏಳುತ್ತಿದ್ದರು. ದತ್ತುವೇ ಎದುರು ಬಂದ.

"ಯಾವಾಗ ಬರ್ತಾರ್ರಿ ಡಾಕ್ಟರ್? ಲಗೂನೆ ಕಳಸ್ರಿ. ಈ ತಿಂಗಳು ಯಾರೂ ಕರೀಲಿಲ್ಲ, ಪಾರಾದೆ. ನಾಳಿ ಸಂಜಿಕ ಎಲ್ಲಾರೂ ಕರೀತಾರ. ನಾನೇನೂ ಗಟ್ಟಿ ಮನಶ್ಯಾ ಅಲ್ರಿ."

ಇಂದೂ ಹೇಳಿದಳು. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು.

"ನಾ ಖರೇನೇ ಹೇಳಿದ್ನಲ್ರಿ?"

"ಹೌದ್ರಿ. ಖರೇನೇ ಹೇಳೀರಿ."

ಹಿಂದೆಯೇ ಇದ್ದ ಶಿವಕಾಂತಾ ಅಲ್ಲಿ ನಿಲ್ಲಲಿಲ್ಲ. ಪುಸ್ತಕವನ್ನು ಮಡಿಬಟ್ಟೆಯಲ್ಲಿ ಸುತ್ತುತ್ತಿದ್ದ ಶಾಸ್ತ್ರಿಗಳ ಮುಂದೆ ಸೆರಗು ಹಿಡಿದು ನಿಂತಳು. "ಇನ್ನೊಂದು ತಿಂಗಳು ಓದ್ರಿ ಅಪ್ಪಾರ. ಹೊಸಾದು ಯಾವುದರ ಹಚ್ರಿ. ನಿಮ್ಮ ಊಟ ನಾ ನೋಡಕೋತೀನಿ."

"ಮಂಗಲ ಹಾಡಿದ ಮ್ಯಾಲ ಹ್ಯಾಂಗ ಹಚ್ಲಿ ತಂಗಿ? ನಾಳಿ ಗಾಡಿ ಅದ ನಂದು." ಅವರ ದನಿ ಮೆತ್ತಗಿತ್ತು. ಅವಳ ಉಡಿಗೆ ಒಂದು ತೆಂಗಿನಕಾಯಿ ಹಾಕಿದರು.

ಅವಳು ಇಂದೂಳ ಕಡೆ ತಿರುಗಿದಳು. "ನಾಳಿ ಸಂಜಿಕ ನೀವರ ಬರ್ರಿ ಅಕ್ಕಾರ. ಏನೂ ಮಾಡಬ್ಯಾಡ್ರಿ, ಬರೇ ಕೂಡ್ರಿ. ಮಂದಿ ಕುಂತದ್ದು ಕಂಡರ ಅವರು ಮನ್ಯಾಗ ನಿಂತಾರು."

ಮರುದಿನ ಇಂದೂ ಬಂದಳು. ಇಬ್ಬರೂ ಹೊಸ್ತಿಲ ಹೊರಗೆ ಚಾಪೆಯ ಮೇಲೆ ಕೂತರು. ಕೆಲಸ ಬಿಟ್ಟ ಗಂಡಸರು ಒಬ್ಬೊಬ್ಬರಾಗಿ ಬಂದು ಸಿಮೆಂಟಿನ ಕೈ ತೊಳೆದು, ಅಂಗಿ ಬದಲಿಸಿ, ರಸ್ತೆಯ ಕಡೆ ಹೋದರು. ಶಿವಕಾಂತಾ ಚಹಾ ಕಾಸಿದಳು, ಆರಿತು, ಮತ್ತೆ ಕಾಸಿದಳು. ಕೊನೆಗೆ ಅವ್ವಮ್ಮನ ಮಗ ಅತ್ತ ಹೋಗುವವನು ಇವರನ್ನು ಕಂಡು ತಲೆ ತಗ್ಗಿಸಿದ.

"ನಮ್ಮನಿಯವರನ್ನ ಕಂಡೇನಪ್ಪಾ?" ಶಿವಕಾಂತಾ ಕೇಳಿದಳು.

"ಗೇಟಿನಿಂದ ಸೀದಾ ಸೆರೆ ಅಂಗಡಿಗೆ ಹೋಗ್ಯಾನ್ರಿ ವೈನಿ. ಮನಿ ಕಡಿ ಬಂದಿಲ್ಲ."

ಶಿವಕಾಂತಾ ಆರಿದ ಚಹಾವನ್ನು ಮತ್ತೆ ಒಲೆಯ ಮೇಲಿಟ್ಟಳು. ಇಂದೂ ಎದ್ದು ಹೋಗಲಿಲ್ಲ.