ನಲವತ್ತೊಂದನೆಯ ಆವರ್ತ

ಈ ಸಲವೂ ಫೈಲು ನಲವತ್ತೊಂದನೆಯ ಆವರ್ತದಲ್ಲೇ ನಿಂತಿತು. ತಾಳದ ನಾಲ್ಕು ಪೆಟ್ಟು ಇರಬೇಕಾದಲ್ಲಿ ಐದಿವೆ, ಎಂದಿತು ತಂತ್ರಾಂಶ.

ಇಸೌರೊ ಕನ್ನಡಕ ಒರೆಸಿಕೊಂಡ. ಊರ ಬ್ಯಾಂಡಿನ ಹಿರಿಯ ಫಿದೆನ್ಸಿಯೊ ನಿನ್ನೆ ತೀರಿಕೊಂಡಿದ್ದರು. ತಮ್ಮ ಶವದ ಮುಂದೆ ನುಡಿಸಬೇಕಾದ್ದನ್ನು ತಾವೇ ರಚಿಸಿ, ಈಗ ಯಾರೂ ಬಳಸದ ಹಳೆಯ ತಂತ್ರಾಂಶದಲ್ಲಿ ಬರೆದಿಟ್ಟು ಹೋಗಿದ್ದರು. ಮೂರು ಗಂಟೆಗೆ ಮಣ್ಣು. ಅಷ್ಟರೊಳಗೆ ಅದನ್ನು ಹೊಸ ತಂತ್ರಾಂಶಕ್ಕೆ ಇಳಿಸಿ, ಎಲ್ಲ ವಾದ್ಯಗಳಿಗೂ ಹಾಳೆ ಮುದ್ರಿಸಿ ಕೊಡಬೇಕು. ಮೆಕ್ಸಿಕೋದ ವಹಾಕಾ ಬೆಟ್ಟಗಳ ಆ ಊರಿನಲ್ಲಿ ರಾಜಧಾನಿಗೆ ಹೋಗಿ ಸಂಗೀತ ಓದಿದವನು ಅವನೊಬ್ಬನೇ. ಇಂಥ ಕೆಲಸಕ್ಕೆ ಮಾತ್ರ ಜನಕ್ಕೆ ಅವನ ನೆನಪಾಗುತ್ತಿತ್ತು.

ಬೆಳಗಿನಿಂದ ತಿದ್ದುತ್ತಲೇ ಇದ್ದ. ಕ್ಲಾರಿನೆಟ್ಟಿನ ಸ್ವರಗಳು ಒಂದು ಮೆಟ್ಟಿಲು ಕೆಳಗೆ ಜಾರಿದ್ದವು, ಎತ್ತಿದ. ಡೋಲಿನ ಸಾಲು ತುತ್ತೂರಿಯ ಸಾಲಿಗೆ ಸೇರಿಹೋಗಿತ್ತು, ಬಿಡಿಸಿದ. ಈ ಐದನೆಯ ಪೆಟ್ಟಿನಲ್ಲಂತೂ ಸ್ವರವೇ ಇಲ್ಲ, ಬರೀ ಮೌನ. ಮುದುಕ ಎಣಿಕೆ ತಪ್ಪಿದ್ದಾನೆ ಅಂದುಕೊಂಡು ಅಳಿಸಿದ. ಫೈಲು ತೆರೆದುಕೊಂಡಿತು. ಗೆದ್ದೆ ಅನ್ನಿಸಿತು; ಯಾರನ್ನು ಎಂದು ತಿಳಿಯಲಿಲ್ಲ.

ಟ್ಯೂಬಾ ಊದುವ ಮುದುಕ ಕ್ರಿಸಾಂತೊ ಹಾಳೆಗಳಿಗಾಗಿ ಬಂದ.

“ಆಯ್ತಾ ಮೇಷ್ಟ್ರೇ?”

“ಆಯ್ತು. ಇಲ್ಲೊಂದು ಪೆಟ್ಟು ಹೆಚ್ಚಿತ್ತು. ತೆಗೆದೆ.”

ಕ್ರಿಸಾಂತೊ ತುಟಿ ಅಲ್ಲಾಡಿಸುತ್ತ ಎಣಿಸಿದ. “ಓದಿದೋರು ನೀವು,” ಅಂದ. “ಊಟ ಮಾಡಿದ್ರಾ? ಅವರ ಮನೇಲಿ ಜೋಳದ ತಮಾಲೆ ಬೇಯಿಸಿದಾರೆ.”

“ಹಸಿವಿಲ್ಲ. ತಪ್ಪೇ ತಾನೆ ಅದು?”

“ಬೇಗ ಬನ್ನಿ. ಸ್ಮಶಾನದ ಏರು ನಿಮಗೆ ಅಭ್ಯಾಸ ಇಲ್ಲ.”

ಏರಿನಲ್ಲಿ ಇಸೌರೊ ಬ್ಯಾಂಡಿನ ಪಕ್ಕ ಬರಿಗೈಯಲ್ಲಿ ನಡೆದ. ಎಲ್ಲರೂ ಅವನ ಹಾಳೆಗಳನ್ನೇ ನೋಡಿ ನುಡಿಸುತ್ತಿದ್ದರು. ಅವನು ಮನಸ್ಸಿನಲ್ಲೇ ಆವರ್ತಗಳನ್ನು ಎಣಿಸುತ್ತಿದ್ದ. ನಲವತ್ತೊಂದು ಮುಗಿಯಿತು.

ಎಲ್ಲ ನಿಂತಿತು. ವಾದ್ಯಗಳು, ಮೇಣದಬತ್ತಿ ಹಿಡಿದ ಹೆಂಗಸರು, ನೂರಾರು ಕಾಲು. ಹಾಳೆಯಲ್ಲಿಲ್ಲದ ಒಂದು ಪೆಟ್ಟಿನ ಮೌನ. ಆ ಮೌನದೊಳಗೆ, ಯಾರೂ ಹೇಳದೆ, ಶವಪೆಟ್ಟಿಗೆ ಆರು ಭುಜಗಳಿಂದ ಬೇರೆ ಆರು ಭುಜಗಳಿಗೆ ದಾಟಿತು. ಮತ್ತೆ ಡೋಲು, ಮತ್ತೆ ನಡಿಗೆ.

ಇಸೌರೊಗೆ ಆಗ ಹೊಳೆಯಿತು. ಐವತ್ತು ವರ್ಷ ಊರಿನ ಪ್ರತಿ ಹೆಣದ ಜೊತೆ ಈ ಏರು ಹತ್ತಿದ ಮನುಷ್ಯ, ಹೊತ್ತವರ ಉಸಿರನ್ನೇ ಎಣಿಸಿ ಬರೆದಿದ್ದ. ಇಷ್ಟು ದೊಡ್ಡದು ಇಷ್ಟು ಚಿಕ್ಕ ಜಾಗದಲ್ಲಿತ್ತೇ?

ಕ್ರಿಸಾಂತೊ ತಿರುಗಿ ನೋಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

“ಬನ್ನಿ ಮೇಷ್ಟ್ರೇ, ಈ ಸರದಿ ನಿಮ್ದು,” ಎಂದು ಸತ್ತವರ ಮಗಳು ಒತಿಲಿಯಾ ತೋಳು ಹಿಡಿದು ಮುಂದೆ ಬಿಟ್ಟಳು. ರಚನೆ ಮೊದಲಿಗೆ ಮರಳಿ ಮತ್ತೆ ನಲವತ್ತೊಂದನ್ನು ಮುಟ್ಟಿತು, ಮೌನ ಬಂತು. ಅವನು ಪೆಟ್ಟಿಗೆಯ ಕೆಳಗೆ ನುಗ್ಗಿ ಭುಜ ಕೊಟ್ಟು, ಭಾರಕ್ಕೆ ಕಾದ.

ಭಾರ ಬರಲಿಲ್ಲ. ಅವನದು ದಾರಿಯ ತಗ್ಗಿನ ಬದಿ; ಮುಂದಿನವನೂ ಹಿಂದಿನವನೂ ಎತ್ತರದವರು. ಭುಜಕ್ಕೂ ಮರಕ್ಕೂ ನಡುವೆ ನಾಲ್ಕು ಬೆರಳಿನ ಸಂದು, ಅದರಲ್ಲಿ ಬಿಸಿಲು. ಇಸೌರೊ ಕೈ ಮೇಲೆತ್ತಿ ಅಂಗೈಯನ್ನು ಮರದ ಹತ್ತಿರ ಹಿಡಿದು, ಹೊತ್ತವರ ಹಾಗೆ ಏದುಸಿರು ಬಿಡುತ್ತ ಹತ್ತತೊಡಗಿದ.